ವಿಮಾನಕ್ಕೆ ಕೊಸರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಉದ್ದಕ್ಕೆ ಸೀಳಿತ್ತು. ವಾಯುಪಡೆಯಲ್ಲಿದ್ದಾಗ ಯಾವುದೋ ವಿಮಾನದ ರೆಕ್ಕೆಯ ತಗಡು ಬಿದ್ದು ಸೀಳಿದ್ದಂತೆ. ಎಷ್ಟು ಸಲ ಬೆಳೆದರೂ ಅದು ಎರಡು ಭಾಗವಾಗಿಯೇ ಬೆಳೆಯುತ್ತಿತ್ತು. ಎರಡು ತಗಡು ಕೂಡುವ ಜಾಗ ಸಮ ಇದೆಯೋ ಇಲ್ಲವೋ ನೋಡಬೇಕಾದರೆ ಅವರು ಕನ್ನಡಕ ಹುಡುಕುತ್ತಿರಲಿಲ್ಲ, ಆ ಉಗುರಿನಿಂದ ಸವರುತ್ತಿದ್ದರು. ಸೀಳಿಗೆ ಅಂಚು ಸಿಕ್ಕಿಕೊಂಡರೆ ಏರುಪೇರು ಇದೆ ಎಂದು ಅರ್ಥ. ನಾನು ಅವರನ್ನು ಕಾಣುವ ಹೊತ್ತಿಗೆ ಆ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು ಕೂತರೆ ಹೆಬ್ಬೆರಳೂ ತೋರುಬೆರಳೂ ಸೇರಿ ಇಲ್ಲದ ಬತ್ತಿಯನ್ನು ಹೊಸೆಯುತ್ತಿದ್ದವು. ಕೆಲಸಕ್ಕೆ ಕೈ ಹಾಕಿದ ಕೂಡಲೇ, ಒಂದು ಸ್ಕ್ರೂ ಮುಟ್ಟಿದರೂ ಸಾಕು, ನಡುಕ ನಿಲ್ಲುತ್ತಿತ್ತು. ಈ ಜಡ್ಡು ಮೊದಮೊದಲು ಕೆಲಸಕ್ಕೆ ಹೆದರುತ್ತದೆ, ಆಮೇಲೆ ಹೆದರುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಅವರಿಗೆ ಹೇಳಿದ್ದರು.

ಶಿಗ್ಗಾವಿಯಲ್ಲಿ ಎಲ್ಲರಿಗೂ ಅವರು ಫಿಟ್ಟರ್ ಕಾಕಾ. ವಾಯುಪಡೆಯಲ್ಲಿ ವಿಮಾನಗಳ ಮೈ ರಿಪೇರಿ ಮಾಡುತ್ತಿದ್ದವರು. ನಿವೃತ್ತರಾಗಿ ಬಂದ ಮೇಲೆ ತಡಸದ ರಸ್ತೆಯಲ್ಲಿ, ಗೋವಿನಜೋಳ ತುಂಬುತ್ತಿದ್ದ ಒಂದು ಹಳೆಯ ಗೋದಾಮು ಹಿಡಿದು, ಅದರೊಳಗೆ ಒಬ್ಬರೇ ಕೂರಬಹುದಾದ ಒಂದು ವಿಮಾನ ಕಟ್ಟುತ್ತಿದ್ದರು. ನಕ್ಷೆ ತರಿಸಿ, ಅಲ್ಯೂಮಿನಿಯಂ ತಗಡು ಕತ್ತರಿಸಿ, ಒಂದೊಂದೇ ರಿವೆಟ್ ಹೊಡೆದು, ಏಳೆಂಟು ವರ್ಷ. ಮುಚ್ಚಿಹೋದ ಒಂದು ಹಾರಾಟದ ಕ್ಲಬ್ಬಿನ ಹರಾಜಿನಲ್ಲಿ ಎಂಜಿನ್ ಸಿಕ್ಕಿತ್ತು. ಉಳಿದಿದ್ದು ಆ ಎಂಜಿನ್ನಿಗೆ ಮೇಲಿಂದ ಹೊದಿಸುವ ಫೈಬರಿನ ಹೊದಿಕೆ. ಅದಕ್ಕೆ ಕೌಲಿಂಗ್ ಅನ್ನುತ್ತಾರೆ. ಅವರ ಹೆಂಡತಿ, ನಾನು ಕಾಕಿ ಅನ್ನುತ್ತಿದ್ದವರು, ಅದನ್ನು 'ಮುಸುಡಿ' ಅನ್ನುತ್ತಿದ್ದರು. ಕೊನೆಗೆ ನಮ್ಮೆಲ್ಲರ ಬಾಯಲ್ಲೂ ಅದೇ ಉಳಿಯಿತು.

ಆ ಮುಸುಡಿಯ ಸಲುವಾಗಿಯೇ ಅವರು ನನ್ನನ್ನು ಹುಡುಕಿಕೊಂಡು ಬಂದದ್ದು. ನಾನು ಸವಣೂರಿನವಳು. ಅಪ್ಪ ಬಸ್ಸಿನ ಬಾಡಿ ಕಟ್ಟುವಲ್ಲಿ ಫೈಬರ್ ಕೆಲಸ ಕಲಿತು ಬಂದು ಊರಲ್ಲಿ ಸ್ವಂತ ಷೆಡ್ಡು ಹಾಕಿದ್ದ. ಅವನ ನಂತರ ನಾನು ನಡೆಸುತ್ತಿದ್ದೇನೆ. ಟ್ರ್ಯಾಕ್ಟರಿನ ಮೇಲಿನ ಟಾಪು, ದನಕ್ಕೆ ನೀರಿನ ತೊಟ್ಟಿ, ಶಾಲೆಯ ಜಾರುಬಂಡಿ, ಇವು ನನ್ನ ಧಂದೆ. ಈ ಧಂದೆಯಲ್ಲಿ ಗಿರಾಕಿ ಮೊದಲು ಮಾಡುವುದು ಬೆರಳಿನ ಗೆಣ್ಣಿನಿಂದ ಬಡಿದು ನೋಡುವುದು. ಟಣ್ ಎಂದರೆ ಮುಖ ಸಣ್ಣದು ಮಾಡುತ್ತಾನೆ, ಧಬ್ ಎಂದರೆ ಖುಷಿ. ಎತ್ತಿದಾಗ ಭಾರ ಇದ್ದರೆ ಇನ್ನೂ ಖುಷಿ. ಹಿರೇಕೆರೂರಿನಿಂದ ಟಾಪು ಒಯ್ಯಲು ಬಂದವರು ಗಾಡಿಗೆ ಹೇರುವ ಮೊದಲು ಕೇಳದೆ ಬಿಡುವುದಿಲ್ಲ: "ಕೊಸರು ಹಾಕೀಯಿಲ್ಲವಾ?" ನೂರು ವೀಳ್ಯದೆಲೆ ಎಣಿಸಿದ ಮೇಲೆ ನಾಲ್ಕು ಎಲೆ ಸುಮ್ಮನೆ ಮೇಲಿಡುವ ಊರು ನಮ್ಮದು. ಅಪ್ಪನೂ ಹಾಗೆಯೇ, ಮಾತಾಡಿಕೊಂಡಷ್ಟು ಪದರು ಹಾಕಿ, ಮೇಲೊಂದು ಪದರು ತನ್ನ ಕಡೆಯಿಂದ ಹಾಕುತ್ತಿದ್ದ. ನನಗೂ ಅದೇ ಕೈ ಬಂದಿದೆ. ಕೊಸರು ಹಾಕದೆ ಒಂದು ಸಾಮಾನು ಹೊರಗೆ ಹೋದರೆ ಆ ದಿನ ಊಟ ಸೇರುತ್ತಿರಲಿಲ್ಲ.

ಅವರು ಮೊದಲ ಸಲ ಬಂದದ್ದು ಸಿಮೆಂಟಿನ ಚೀಲದಲ್ಲಿ ಒಂದು ಥರ್ಮಾಕೋಲಿನ ತುಂಡು ಹಿಡಿದುಕೊಂಡು. ನಾನು ಒಂದು ಟಾಪಿಗೆ ಗಾಜಿನ ಬಟ್ಟೆ ಹಾಸಿ, ಅದನ್ನು ಗಟ್ಟಿಯಾಗಿಸುವ ರೆಸಿನ್ ಅಂಟು ಬಳಿಯುತ್ತಿದ್ದೆ. ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ, "ತಂಗಿ, ರೆಸಿನ್ ಭಾಳ ಕುಡಸಾಕತ್ತೀ" ಎಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮಗ ಏನ ಬೇಕು ಅದನ್ನ ಹೇಳ್ರಿ ಕಾಕಾ. ನನ್ನ ಕೆಲಸ ನನಗ ಗೊತ್ತೈತಿ" ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಥರ್ಮಾಕೋಲನ್ನು ನೆಲದ ಮೇಲಿಟ್ಟು, ನನ್ನ ರೆಸಿನ್ನಿನ ನಾಲ್ಕು ಹನಿ ಅದರ ಮೇಲೆ ಹಾಕು ಎಂದರು. ಹಾಕಿದೆ. ನೋಡುನೋಡುತ್ತಿದ್ದಂತೆ ಥರ್ಮಾಕೋಲ್ ಕರಗಿ ಗುಣಿ ಬಿತ್ತು. ಆಮೇಲೆ ಅಂಗಿಯ ಕಿಸೆಯಿಂದ ಎರಡು ಸಣ್ಣ ಬಾಟಲಿ ತೆಗೆದು, ಎರಡನ್ನೂ ಕಲಸಿ, ಪಕ್ಕದಲ್ಲೇ ಹಾಕಿದರು. ಅದು ಜೇನಿನ ಹನಿಯ ಹಾಗೆ ಮೇಲೆಯೇ ಕೂತಿತು.

"ನಿಂದು ತಿಂತೈತಿ, ನಂದು ತಿನ್ನಂಗಿಲ್ಲ. ನನ್ನ ರೆಸಿನ್ ತಗೊಂಡು ಮಾಡಿಕೊಡ್ತೀಯೇನು?"

"ಏನ ಮಾಡೋದ್ರಿ?"

"ಇಮಾನದ್ದು ಎಂಜಿನ್ ಮುಚ್ಚೋದು."

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ನಗೆ ಮುಗಿಯುವ ತನಕ ಕಾದು, ಶಿಗ್ಗಾವಿಗೆ ಯಾವಾಗ ಬರುತ್ತೀ ಎಂದು ಕೇಳಿದರು.

ಹೋದೆ. ಗೋದಾಮಿನ ಬಾಗಿಲಲ್ಲಿ ಕಾಕಿ ಮೊರ ಹಿಡಿದು ಕೂತಿದ್ದರು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತು ಚುರುಕು. ಮಗ್ಗುಲಲ್ಲಿ ಒಂದು ಎಮ್ಮೆ. "ಬಾರವಾ, ನೀನೂ ಬಂದೇನು ಹುಚ್ಚರ ಸಂತಿಗೆ?" ಎಂದು ಒಳಗೆ ಕರೆದರು. ಒಳಗಿನ ಗೋಡೆಗೆ ಕಣ್ಣು ಮುಚ್ಚಿದ ಬುದ್ಧನ ಕ್ಯಾಲೆಂಡರ್, ಅದರ ಕೆಳಗೆ ವಿಮಾನ. ನಾನು ದೊಡ್ಡದನ್ನು ಊಹಿಸಿಕೊಂಡಿದ್ದೆ. ಅದು ಒಂದು ಎತ್ತಿನ ಚಕ್ಕಡಿಗಿಂತ ಸ್ವಲ್ಪ ಉದ್ದ ಇತ್ತು. ಬಣ್ಣ ಬಳಿದಿರಲಿಲ್ಲ. ಸಾಲಾಗಿ ಕೂತ ರಿವೆಟ್ಟುಗಳಲ್ಲಿ ಒಂದು ಸೊಟ್ಟ ಇರಲಿಲ್ಲ. ಆ ಸಾಲನ್ನು ನೋಡಿದ ಮೇಲೆ ನನಗೆ ನಗೆ ಬರಲಿಲ್ಲ, ನನ್ನ ಟಾಪುಗಳ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಅವತ್ತು ಅಲ್ಲೇ ಊಟ. ಮನೆಗೆ ಬಂದು ಅವರಲ್ಲಿ ಉಂಡೆ ಎಂದಾಗ ನಮ್ಮವ್ವ ಹಣೆಯ ವಿಭೂತಿ ಒರೆಸಿಕೊಳ್ಳುತ್ತ ಒಂದು ಗಳಿಗೆ ಸುಮ್ಮನಾದಳು. ಆಮೇಲೆ "ಏನ ಪಲ್ಯ ಮಾಡಿದ್ರು?" ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಇವತ್ತಿಗೂ ಅವಳನ್ನು ನೆನೆಯುತ್ತೇನೆ.

ವಿಮಾನದ ಹುಚ್ಚು ಎಲ್ಲಿಂದ ಹತ್ತಿತು ಎಂದು ಒಮ್ಮೆ ಕೇಳಿದ್ದೆ. ಅವರು ಸಣ್ಣವರಿದ್ದಾಗ ಅವರ ಓಣಿಯ ಹುಡುಗರನ್ನು ಶಾಲೆಯ ಒಳಗೆ ಕೂರಿಸುತ್ತಿರಲಿಲ್ಲವಂತೆ, ಕಟ್ಟೆಯ ಮೇಲೆ ಕೂತು ಪಾಠ ಕೇಳಬೇಕು. ಒಂದು ದಿನ ವಿಮಾನವೊಂದು ತೀರಾ ತಗ್ಗಿನಲ್ಲಿ ಹಾದುಹೋಯಿತು. "ಒಳಗ ಕುಂತವರಿಗೆ ಸಪ್ಪಳ ಅಷ್ಟ ಕೇಳಿಸ್ತು ತಂಗಿ. ನಾ ಹೊರಗ ಇದ್ದೆ. ನಾ ನೋಡಿದೆ." ಇಷ್ಟನ್ನು ಹೇಳಿ ಅರ ಹಿಡಿದು ಕೆಲಸಕ್ಕೆ ನಿಂತರು. ಈ ಮಾತನ್ನು ಅವರು ನೋವಿನಿಂದ ಹೇಳಿದರೋ ಹೆಮ್ಮೆಯಿಂದ ಹೇಳಿದರೋ ನನಗೆ ತಿಳಿಯಲಿಲ್ಲ.

ಅವರಿಗೆ ಹಾರುವ ಆಸೆ ಇರಲಿಲ್ಲ. ಅದನ್ನು ಮೊದಲ ದಿನವೇ ಹೇಳಿದ್ದರು. "ಈ ಕೈ ತಗೊಂಡು ನಾ ಹಾರಾಕ ಹೋದ್ರ ತಪ್ಪಾಗ್ತೈತಿ. ಅದೊಂದು ಸಲ ನೆಲ ಬಿಡಬೇಕು. ನಾ ಕೆಳಗ ನಿಂತು ನೋಡ್ತೇನಿ. ಅಷ್ಟ." ಬೆಳಗಾವಿ ಕಡೆಯ ಅವರ ಹಳೆಯ ಗೆಳೆಯರೊಬ್ಬರು, ಪೈಲಟ್ ಆಗಿದ್ದವರು, ಸರಕಾರದ ಕಾಗದ ಬಂದರೆ ನಾನೇ ಹಾರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಕಾಗದ ಬರಬೇಕಾದರೆ ಇಲಾಖೆಯ ಅಧಿಕಾರಿ ಬಂದು ನೋಡಬೇಕು. ಕಾಕಾ ವರ್ಷಗಟ್ಟಲೆ ಪತ್ರ ಬರೆದಿದ್ದರು. ಕೊನೆಗೆ ಒಂದು ಉತ್ತರ ಬಂತು: ಬೇರೆ ಕೆಲಸದ ಮೇಲೆ ಹುಬ್ಬಳ್ಳಿಗೆ ಬರುವ ಅಧಿಕಾರಿ ಒಂದು ದಿನ ಶಿಗ್ಗಾವಿಗೂ ಬಂದು ಹೋಗುತ್ತಾರೆ. ಅಷ್ಟರೊಳಗೆ ವಿಮಾನ ಪೂರ್ತಿಯಾಗಿರಬೇಕು, ಅವರ ಕಣ್ಣೆದುರಿಗೆ ತೂಕ ಮಾಡಬೇಕು, ಆ ತೂಕ ಮೊದಲೇ ಬರೆದು ಕಳಿಸಿದ ತೂಕಕ್ಕೆ ಹೊಂದಬೇಕು.

"ಒಂದ ದಿನ ಐತಿ ತಂಗಿ" ಎಂದರು ಕಾಕಾ. "ಅಂವ ಮತ್ತ ಬರಂಗಿಲ್ಲ. ಬಂದ್ರೂ ಅಷ್ಟೊತ್ತಿಗೆ ಈ ಕೈ ಇರಂಗಿಲ್ಲ."

ಎಂಜಿನ್ನಿನ ಸುತ್ತ ಥರ್ಮಾಕೋಲ್ ಅಂಟಿಸಿ, ಕಾಕಿಯ ಅಡುಗೆಮನೆಯ ಚಾಕುವಿನಿಂದ ಕೆತ್ತಿ, ಮರಳು ಕಾಗದದಿಂದ ತಿಕ್ಕಿ, ಮುಸುಡಿಯ ಆಕಾರವನ್ನು ಅವರೇ ಮಾಡಿದ್ದರು. ಅದನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಸವಣೂರಿಗೆ ತಂದೆವು. ತಮ್ಮ ಗಾಜಿನ ಬಟ್ಟೆಯ ಸುರುಳಿ, ತಮ್ಮ ರೆಸಿನ್ ಕೊಟ್ಟು, ಎರಡು ಬೆರಳು ಎತ್ತಿ ಹೇಳಿದರು: "ಎರಡ ಪದರು. ಮೂರಲ್ಲ, ಎರಡ. ಅಂಚಿಗೆ ಅಷ್ಟ ಒಂದು ಪಟ್ಟಿ." ಮೇಲಿನದು ಒಂದು ಅರ್ಧ, ಕೆಳಗಿನದು ಒಂದು ಅರ್ಧ. ಎರಡೂ ಸೇರಿ ಎಷ್ಟು ತೂಗಬೇಕೆಂದು ಅವರು ಲೆಕ್ಕ ಹಾಕಿ ಇಲಾಖೆಗೆ ಕಳಿಸಿಯಾಗಿತ್ತು.

ನಾನು ಎರಡು ಪದರು ಹಾಕಿದೆ. ಮಾರನೆಯ ದಿನ ಒಣಗಿದ ಮೇಲೆ ಗೆಣ್ಣಿನಿಂದ ಬಡಿದೆ. ಟಣ್ ಎಂದಿತು. ಹಪ್ಪಳ ಹಿಡಿದ ಹಾಗೆ ಅನಿಸಿತು. ಇಂಥದ್ದನ್ನು ನನ್ನ ಅಂಗಡಿಯಿಂದ ಹೊರಗೆ ಕಳಿಸುವುದು ಹೇಗೆ? ಅಷ್ಟು ದೊಡ್ಡ ಎಂಜಿನ್ನಿನ ಅದುರು, ಮೇಲಿನ ಗಾಳಿ, ಇದನ್ನು ದಿನಾ ತೆಗೆದು ಹಾಕುವ ಆ ನಡುಗುವ ಕೈ, ಎಲ್ಲಾದರೂ ಜಾರಿ ಬಿದ್ದರೆ ಸೀಳಿಹೋಗುತ್ತದೆ. ಏಳೆಂಟು ವರ್ಷದ ಕೆಲಸದ ಮುಂದೆ ನನ್ನ ಭಾಗವೇ ಹಗುರವಾಗಬಾರದು ಎಂದೂ ಅನಿಸಿತು. ಸುರುಳಿಯಲ್ಲಿ ಬಟ್ಟೆ ಉಳಿದಿತ್ತು. ಮತ್ತೆರಡು ಪದರು ಹಾಕಿದೆ. ಬಡಿದೆ. ಧಬ್ ಎಂದಿತು. ಅವತ್ತು ನೆಮ್ಮದಿಯಾಗಿ ಉಂಡೆ.

ಬಟ್ಟೆ ಇಷ್ಟೇ ಏಕೆ ಉಳಿಯಿತು ಎಂದು ಅವರು ಕೇಳಿದಾಗ, ಕತ್ತರಿಸುವಾಗ ಹಾಳಾಯಿತು ಎಂದೆ. ಪದರು ಎಷ್ಟು ಎಂದಾಗ, "ನೀವು ಹೇಳಿದಷ್ಟ್ರಿ" ಎಂದೆ. ಎರಡೂ ಸುಳ್ಳು ಸಲೀಸಾಗಿ ಬಂದವು, ಯಾಕೆಂದರೆ ಒಳ್ಳೆಯದನ್ನೇ ಮಾಡಿದ್ದೇನೆ ಎಂಬ ಧೈರ್ಯವಿತ್ತು.

ಮುಸುಡಿಯನ್ನು ವಿಮಾನಕ್ಕೆ ಹೊಂದಿಸುವ ಕೆಲಸ ಮೂರು ವಾರ ಹಿಡಿಯಿತು. ಹೊರಗಿನವರಿಗೆ ಇದೇನು, ಮುಚ್ಚಳ ಹಾಕುವುದಲ್ಲವೇ ಅನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅಚ್ಚಿನಿಂದ ಬಂದ ಹೊದಿಕೆ ಅಂಚಿನಲ್ಲಿ ಬೇಕೆಂದೇ ಉದ್ದ ಇರುತ್ತದೆ. ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಅದು ಸರಿಯಾಗಿ ಮುಟ್ಟುವ ಗೆರೆ ಎಲ್ಲಿ ಬರುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಕಾಕಾ ಒಳಗೆ ಒಂದು ಬಲ್ಬು ಹಚ್ಚಿ ಇಡುತ್ತಿದ್ದರು. ಬೆಳಕು ಫೈಬರಿನ ಮೂಲಕ ಹಾದುಬರುತ್ತದೆ, ತಗಡಿನ ಅಂಚು ಅದರ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಮೇಲೆ ಪೆನ್ಸಿಲ್ ಎಳೆದು, ಅದರ ಹೊರಗೆ ಕತ್ತರಿಸಿ, ಆಮೇಲೆ ಕೂದಲೆಳೆಯಷ್ಟು ತಿಕ್ಕಿ, ಹಚ್ಚಿ ನೋಡಿ, ತೆಗೆದು, ಮತ್ತೆ ತಿಕ್ಕುವುದು. ಅಂಚಿಗೂ ತಗಡಿಗೂ ನಡುವೆ ಗರಗಸದ ಒಂದು ಬ್ಲೇಡು ಹೋಗಬೇಕು, ಎರಡು ಬ್ಲೇಡು ಹೋಗಬಾರದು. ಬ್ಲೇಡನ್ನು ಅವರು ಕಿವಿಯ ಮೇಲೆ ಸಿಕ್ಕಿಸಿಕೊಂಡಿರುತ್ತಿದ್ದರು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ. ಗಾಜಿನ ಪುಡಿಗೆ ಇಬ್ಬರ ಕೈಯೂ ತುರಿಸುತ್ತಿತ್ತು. ಕಾಕಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದಿಟ್ಟು, "ಹಚ್ಚಿಕೋರಿ, ಇಬ್ಬರೂ ಮಂಗ್ಯಾನಂಗ ಕೆರಕೋಬ್ಯಾಡ್ರಿ" ಎನ್ನುತ್ತಿದ್ದರು.

ಮೊದಲ ದಿನವೇ ಬಲ್ಬು ಹಚ್ಚಿದಾಗ ಗೆರೆ ಮಬ್ಬಾಗಿ ಕಂಡಿತು. ಕಾಕಾ ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು. "ಬಲ್ಬು ಸಣ್ಣದಾತು" ಎಂದು ದೊಡ್ಡದು ತರಿಸಿದರು. ಅದರಲ್ಲೂ ಅಷ್ಟೇನೂ ನಿಚ್ಚಳವಾಗಲಿಲ್ಲ. ಆಗ ಮೆಲ್ಲಗೆ, "ನನ್ನ ಕಣ್ಣ ಹೋಗ್ಯಾವ ತಂಗಿ. ಗೆರಿ ನೀನ ಹಾಕು" ಎಂದು ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ಕಾರಣ ನನಗೆ ಗೊತ್ತಿತ್ತು. ನಾಲ್ಕು ಪದರು ದಾಟಿ ಬೆಳಕು ಹೇಗೆ ಬಂದೀತು? ಆಗ ಹೇಳಿದ್ದರೆ ಮೂರು ವಾರ ಕೈಯಲ್ಲಿತ್ತು, ಹೊಸದು ಮಾಡಬಹುದಿತ್ತು. ನಾನು ಬಾಯಿ ಮುಚ್ಚಿಕೊಂಡು ಗೆರೆ ಹಾಕಿದೆ.

ಎರಡನೆಯ ತೊಂದರೆ ಭಾರದ್ದು. ಮೇಲಿನ ಅರ್ಧವನ್ನು ಎತ್ತಿ ಕೂರಿಸುವಾಗ ಅವರ ತೋಳು ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಅರ್ಧ ಎತ್ತಿದವರು ಕೆಳಗಿಟ್ಟು, ಸ್ಟೂಲಿನ ಮೇಲೆ ಕೂತು, ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಬಲ ಭಾಳ ಲಗೂನ ಹೋತಲ್ಲ" ಎಂದು ನನಗಲ್ಲ, ಕೈಗೇ ಹೇಳಿದರು. ಅವತ್ತಿನಿಂದ ಎತ್ತುವ ಕೆಲಸ ನನ್ನದಾಯಿತು. ಅವರು ಬಲ್ಬನ್ನು ದೂರಿದರು, ಕಣ್ಣನ್ನು ದೂರಿದರು, ತೋಳನ್ನು ದೂರಿದರು. ನನ್ನ ಮೇಲೆ ಒಂದು ಸಲವೂ ಸಂಶಯ ಪಡಲಿಲ್ಲ.

ಎರಡು ಅರ್ಧಗಳನ್ನು ಕೂಡಿಸುವುದು ಒಂದು ಉದ್ದನೆಯ ತಂತಿ. ಎರಡೂ ಅಂಚಿಗೆ ಹಲ್ಲು ಹಲ್ಲಾದ ಕೀಲು ಇರುತ್ತದೆ. ಹಲ್ಲುಗಳನ್ನು ಒಂದರೊಳಗೊಂದು ಸೇರಿಸಿ ನಡುವೆ ತಂತಿ ತೂರಿಸಬೇಕು, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ. ಹೊಂದಾಣಿಕೆ ಒಂದು ಎಳೆ ತಪ್ಪಿದರೂ ತಂತಿ ನಡುವೆ ನಿಲ್ಲುತ್ತದೆ. ಅಧಿಕಾರಿ ಬರುವುದಕ್ಕೆ ಎರಡು ದಿನ ಮೊದಲು ಕಾಕಾ ತಂತಿ ಹಿಡಿದರು, ಕೈ ನಿಂತಿತು, ತಂತಿ ಒಂದೇ ಸಲಕ್ಕೆ ಸರ್ರನೆ ಕೊನೆಯ ತನಕ ಹೋಯಿತು. ಸೀಳು ಉಗುರಿನಿಂದ ಸುತ್ತಲೂ ಸವರಿದರು. ಎಲ್ಲೂ ಸಿಕ್ಕಲಿಲ್ಲ. ಕಾಕಿ ಒಳಗಿಂದ ಬೆಲ್ಲ ತಂದು ಮೂವರ ಕೈಗೂ ಇಟ್ಟರು.

ಅಧಿಕಾರಿ ಸಣ್ಣ ವಯಸ್ಸಿನವರು, ಒಳ್ಳೆಯವರು. ಒಂದೊಂದು ರಿವೆಟ್ಟಿನ ಸಾಲನ್ನೂ ಕೂತು ನೋಡಿದರು. ಇಂಥ ಕೆಲಸ ನಾನು ಕಾರ್ಖಾನೆಗಳಲ್ಲೂ ಕಂಡಿಲ್ಲ ಎಂದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಲಗೈಯನ್ನು ವಿಮಾನದ ಮೇಲೆಯೇ ಇಟ್ಟುಕೊಂಡು ನಿಂತಿದ್ದರು, ಅಲ್ಲಿದ್ದರೆ ನಡುಗುವುದಿಲ್ಲವಲ್ಲ. ಹತ್ತಿಮತ್ತೂರಿನ ವ್ಯಾಪಾರಿಯೊಬ್ಬರಿಂದ ಕಾಳು ತೂಗುವ ಮೂರು ತೂಕದ ಯಂತ್ರ ತಂದಿದ್ದೆವು. ಮೂರು ಗಾಲಿಯ ಕೆಳಗೆ ಮೂರನ್ನು ಇಟ್ಟೆವು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, ಫಾರಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದನ್ನೇ ಓದಿಸಿದರು. ಹಿಂದಿನ ಎರಡು ಗಾಲಿ ಸರಿ ಇದ್ದವು. ಮುಂದಿನದು ಬಂದಾಗ ಅವರ ಪೆನ್ನು ನಿಂತಿತು.

"ಮುಂದೆ ಇಷ್ಟು ಜಾಸ್ತಿ ಯಾಕೆ ಬರ್ತಿದೆ ಸರ್? ನೀವು ಕಳಿಸಿದ ಲೆಕ್ಕದಲ್ಲಿ ಹೀಗಿಲ್ಲವಲ್ಲ."

ಕಾಕಾ ಯಂತ್ರ ಬದಲಿಸಿ ನೋಡಿದರು. ಅಷ್ಟೇ ಬಂತು. ಯಾರಿಗೂ ಏನೂ ಹೇಳದೆ ತಂತಿ ಎಳೆದು, ಮುಸುಡಿಯ ಎರಡೂ ಅರ್ಧ ಬಿಚ್ಚಿ, ಒಂದರ ಮೇಲೊಂದು ಇಟ್ಟು ತೂಗಿದರು. ಲೆಕ್ಕದಲ್ಲಿದ್ದುದಕ್ಕಿಂತ ಹೆಚ್ಚು ಕಡಿಮೆ ಇಮ್ಮಡಿ. ಅವರು ಬಗ್ಗಿ, ಕತ್ತರಿಸಿದ ಅಂಚಿನ ಮೇಲೆ ಸೀಳು ಉಗುರನ್ನು ಅಡ್ಡ ಎಳೆದರು. ಒಂದು, ಎರಡು, ಮೂರು, ನಾಲ್ಕು. ಕತ್ತೆತ್ತಿ ನನ್ನನ್ನು ನೋಡಿದರು. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದು. ತಪ್ಪು ನನ್ನದು, ಇವರದಲ್ಲ ಎಂದು ಒಂದು ಮಾತು. ನಾಲಗೆ ಹೊರಳಲಿಲ್ಲ.

"ಲೆಕ್ಕ ನಂದ ತಪ್ಪೇತಿ ಸಾಹೇಬ್ರ" ಎಂದರು ಕಾಕಾ.

ಅಧಿಕಾರಿಗೆ ನಿಜವಾಗಿ ಬೇಸರವಾಗಿತ್ತು. "ಒಂದು ಲೆಕ್ಕ ತಪ್ಪಿದರೆ ಉಳಿದ ಲೆಕ್ಕ ನಾನು ನಂಬೋದು ಹೇಗೆ ಸರ್?" ಎಂದು ಪೆನ್ನಿಗೆ ಮುಚ್ಚಳ ಹಾಕಿದರು. ಎಲ್ಲ ಮತ್ತೆ ತೂಗಿ, ಮತ್ತೆ ಬರೆದು, ಮತ್ತೆ ಅರ್ಜಿ ಹಾಕಿ ಎಂದರು. ಚಹಾ ಕುಡಿದು ಹೋದರು.

ಗಾಡಿಯ ಧೂಳು ಇಳಿದ ಮೇಲೆ ಕಾಕಾ ಸ್ಟೂಲಿನ ಮೇಲೆ ಕೂತರು. ಕೈ ಬತ್ತಿ ಹೊಸೆಯಲು ಶುರು ಮಾಡಿತು.

"ಎಷ್ಟು ಪದರು ತಂಗಿ?"

"ನಾಕು."

"ನಾ ಎಷ್ಟ ಹೇಳಿದ್ದೆ?"

"ಎರಡು."

"ಮತ್ತ?"

"ಗಟ್ಟಿ ಇರಲಿ ಅಂತ ಕಾಕಾ... ಕೊಸರು ಅಂತ ಹಾಕಿದೆ."

ಬೈಯಲಿ, ಎರಡು ಏಟು ಹಾಕಲಿ ಎಂದು ನಾನು ಕಾದೆ. ಆಮೇಲೆ ಅವರು ಹೇಳಿದ್ದು ವಿಮಾನದ ಮಾತೇ ಅಲ್ಲ. "ಮೂರು ವಾರ ನನ್ನ ಕೈ ಸತ್ತುವು ಅನ್ಕೊಂಡಿದ್ದೆ. ಕಣ್ಣೂ ಹೋದುವು ಅಂತ ನಿಮ್ಮ ಕಾಕಿ ಮುಂದ ಕುಂತು ಅತ್ತೇನಿ. ಭಾರ ಖರೇನ ಇತ್ತಲ್ಲ. ಬೆಳಕು ಖರೇನ ಮಂದ ಇತ್ತಲ್ಲ." ಬಿಚ್ಚಿಟ್ಟ ಮುಸುಡಿಯನ್ನು ಕಾಲಿನಿಂದ ಮಗ್ಗುಲಿಗೆ ಸರಿಸಿ, "ಹೇಳಬೇಕಾಗಿತ್ತು ತಂಗಿ" ಎಂದರು.

ಕಾಕಿ ನನ್ನ ಮುಖ ನೋಡಿ, ನನಗೆ ಸಮಾಧಾನವಾಗಲಿ ಎಂದೇ ಇರಬೇಕು, "ಅಂವ ಮೊದಲ ಇಲ್ಲ ಅನ್ನಾಕ ಬಂದಿದ್ದ ಬಿಡ್ರಿ. ಇವರೆಲ್ಲ ಹಂಗ" ಎಂದರು.

"ಇಲ್ಲ" ಎಂದರು ಕಾಕಾ. "ಅಂವ ಹೌದು ಅನ್ನಾಕ ಬಂದಿದ್ದ. ಪೆನ್ನು ತಗದಿದ್ದ, ನಾ ನೋಡೇನಿ."

ಎರಡನೆಯ ಮುಸುಡಿ ಮಾಡಿದೆ. ಎರಡೇ ಪದರು, ಅವರ ಕಣ್ಣೆದುರಿಗೆ, ಅವರದೇ ಗೋದಾಮಿನಲ್ಲಿ. ಬಲ್ಬು ಹಚ್ಚಿದಾಗ ಇಡೀ ಹೊದಿಕೆ ಹಸಿರು ಹಳದಿಯಾಗಿ ಬೆಳಗಿತು, ಗೆರೆ ಇದ್ದಿಲಲ್ಲಿ ಎಳೆದ ಹಾಗೆ ಕಂಡಿತು. ಅವರು ಕನ್ನಡಕ ತೆಗೆದೇ ಪೆನ್ಸಿಲ್ ಎಳೆದರು. "ಕಣ್ಣ ಅದಾವ ನೋಡು" ಎಂದು ನಕ್ಕರು. ಹಳೆಯದನ್ನು ಒಡೆದು ಹಾಕುತ್ತೇನೆ ಎಂದೆ. ಬೇಡ ಎಂದರು. "ಎರಡೂ ಬದಿ ಮುಚ್ಚಿ ಎಮ್ಮಿಗೆ ನೀರಿನ ತೊಟ್ಟಿ ಮಾಡು. ಎಮ್ಮಿಗೆ ಕೊಸರು ನಡೀತೈತಿ." ಕಾಕಿ ನಕ್ಕರು. ನಾನೂ ನಗಬೇಕೆಂದು ನೋಡಿದೆ.

ಹೊಂದಿಸುವುದು ಮುಗಿಯುವಾಗ ಆರೇಳು ತಿಂಗಳು ಕಳೆದಿತ್ತು, ಯಾಕೆಂದರೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಅವರಿಂದ ನಿಲ್ಲಲು ಆಗುತ್ತಿರಲಿಲ್ಲ. ಕೊನೆಯ ದಿನ ತಂತಿ ಹಿಡಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ನಡುಕ ನಿಲ್ಲಲಿಲ್ಲ. ತಂತಿಯ ತುದಿ ಕೀಲಿನ ತೂತಿನ ಸುತ್ತ ಟಿಕಟಿಕ ಬಡಿಯಿತು. ಎಡಗೈಯಿಂದ ಬಲಗೈ ಹಿಡಿದು ನೋಡಿದರು, ಆಗಲೂ ಇಲ್ಲ. ಡಾಕ್ಟರು ಹೇಳಿದ ದಿನ ಬಂದಿತ್ತು. ಅವರು ತಂತಿಯನ್ನು ನನಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿದರು. ನಾನು ತೂರಿಸಿದೆ. ಸರ್ರನೆ ಹೋಯಿತು. ಅಷ್ಟು ಚೆನ್ನಾಗಿ ಹೊಂದಿಸಿದ್ದರು.

ಅದೇ ವಾರ ಒಂದು ಮುಂಜಾನೆ ವಿಮಾನದ ಬಾಲವನ್ನು ಬೇವಿನ ಮರಕ್ಕೆ ಹಗ್ಗದಿಂದ ಕಟ್ಟಿ ಎಂಜಿನ್ ಚಾಲೂ ಮಾಡಿದೆವು. ಬೆಳಗಾವಿಯ ಗೆಳೆಯರು ಬಂದಿದ್ದರು. ಕಾಕಾ ಮುಸುಡಿಯ ಹಿಂಬದಿಗೆ ಅಂಗೈ ಒತ್ತಿ ನಿಂತರು. ಇಡೀ ವಿಮಾನ ಅದುರುತ್ತಿತ್ತು, ಹಾಗಾಗಿ ಅವರ ಕೈ ಬೇರೆಯಾಗಿ ನಡುಗುವುದು ಯಾರಿಗೂ ಕಾಣಲಿಲ್ಲ. ಎಮ್ಮೆ ಬೆದರಿ ಗೂಟ ಕಿತ್ತುಕೊಂಡು ಓಡಿತು. ಅವರು ಅಷ್ಟು ಹೊತ್ತು ಸಂತೋಷವಾಗಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಪತ್ರಗಳು. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಸಹಿ ಮಾಡಲು ಆಗದೆ ಹೆಬ್ಬೆಟ್ಟು ಒತ್ತುತ್ತಿದ್ದರು, ಸೀಳಿದ ಉಗುರಿನ ಆ ಹೆಬ್ಬೆಟ್ಟು. ಒಂದು ಪತ್ರದಲ್ಲಿ, ಹಿಂದಿನ ತಪ್ಪು ಅವರದಲ್ಲ, ಫೈಬರ್ ಕೆಲಸ ಮಾಡಿದವಳದು ಎಂದು ನಾನಾಗಿಯೇ ಬರೆದೆ. ಓದಿಸಿಕೊಂಡು ಆ ಸಾಲು ಹೊಡೆಸಿದರು. "ಇಮಾನ ನಂದು. ಅದರಾಗ ಇದ್ದದ್ದೆಲ್ಲ ನಂದ" ಎಂದರು. ಆ ಅಧಿಕಾರಿಗೆ ಬೇರೆ ಕಡೆ ವರ್ಗವಾಗಿದೆ ಎಂದು ಒಂದು ಉತ್ತರ ಬಂತು. ಹೊಸ ಫಾರಮ್ಮಿನಲ್ಲಿ ಅರ್ಜಿ ಹಾಕಿ ಎಂದು ಇನ್ನೊಂದು. ಹೊಸ ಫಾರಮ್ಮು ತುಂಬುವ ಹೊತ್ತಿಗೆ ಅವರಿಗೆ ಮಾತು ತೊದಲುತ್ತಿತ್ತು, ನುಂಗುವುದು ಕಷ್ಟವಾಗಿತ್ತು. ಮಂಚವನ್ನು ಗೋದಾಮಿನೊಳಗೇ ಹಾಕಿಸಿಕೊಂಡಿದ್ದರು. ನಾನು ಹೋದಾಗಲೆಲ್ಲ ಬಲ್ಬು ಹಚ್ಚು ಎಂದು ಸನ್ನೆ ಮಾಡುತ್ತಿದ್ದರು. ಒಳಗೆ ಬಲ್ಬು ಹಚ್ಚಿ ಮುಸುಡಿ ಬೆಳಗಿಸಿದರೆ ಅದನ್ನೇ ನೋಡುತ್ತ ಮಲಗುತ್ತಿದ್ದರು. ಮುಂಗಾರು ಬಿದ್ದು ಬಿತ್ತಿಗೆ ನಡೆದಿರುವಾಗ, ಒಂದು ಮಧ್ಯಾಹ್ನ, ಹಾಗೆಯೇ ಹೋದರು. ನಾನು ಸವಣೂರಿನಲ್ಲಿ ಒಂದು ಟಾಪಿಗೆ ರೆಸಿನ್ ಬಳಿಯುತ್ತಿದ್ದೆ. ನಡುವೆ ಬಿಟ್ಟು ಬಂದರೆ ಹಾಳಾಗುತ್ತದೆ ಎಂದು ಮುಗಿಸಿ ಬಂದೆ. ಅವರು ಇದ್ದಿದ್ದರೆ ಅದನ್ನೇ ಮಾಡು ಅನ್ನುತ್ತಿದ್ದರು.

ಗೋದಾಮಿನ ಮಾಲೀಕರಿಗೆ ಹೊಸ ಬೆಳೆ ತುಂಬಲು ಜಾಗ ಬೇಕಿತ್ತು. ವಿಮಾನವನ್ನು ಯಾರಾದರೂ ಒಯ್ಯುತ್ತಾರೇನೋ ಎಂದು ಕಾಕಿ ಮೂರು ತಿಂಗಳು ಕಾದರು. ಬೆಳಗಾವಿಯ ಗೆಳೆಯರು ಎಂಜಿನ್ ಬಿಚ್ಚಿಕೊಂಡು ಹೋದರು. ಉಳಿದದ್ದಕ್ಕೆ ಹಾನಗಲ್ಲಿನಿಂದ ಗುಜರಿಯವರು ಬಂದರು. ರೆಕ್ಕೆಗಳನ್ನು ಬಿಚ್ಚಿ, ನಾಲ್ಕು ಜನ ಸೇರಿ ಮೈಯನ್ನು ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು. ಗಾಲಿಗಳು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಕಾಕಿ ನನ್ನ ಕೈ ಹಿಡಿದುಕೊಂಡು, "ನೆಲ ಬಿಡ್ತು ನೋಡವಾ" ಎಂದರು. ಇಷ್ಟು ದಿನ ಅಳದವಳು ನಾನು ಅಲ್ಲಿ ಅತ್ತೆ.

ಗುಜರಿಯವನು ಮುಸುಡಿಯನ್ನು ಗೆಣ್ಣಿನಿಂದ ಬಡಿದು, "ಇದು ಫೈಬರ್, ಇದು ಯಾರಿಗೂ ಬ್ಯಾಡ" ಎಂದು ಮಗ್ಗುಲಿಗೆ ಎಸೆದ. ನಾನು ಅದನ್ನು ಸವಣೂರಿಗೆ ತಂದು ನನ್ನ ಷೆಡ್ಡಿನಲ್ಲಿ ತೂಗುಹಾಕಿದ್ದೇನೆ. ಗಿರಾಕಿಗಳು ಬಡಿದು ನೋಡಿ, ಏನವಾ ಇದು ಇಷ್ಟು ತೆಳು ಎನ್ನುತ್ತಾರೆ. ಹೇಳಿದಷ್ಟೇ ಹಾಕಿದ್ದು ಎನ್ನುತ್ತೇನೆ. ಈಗ ನಾನು ಮಾಡುವ ಪ್ರತಿಯೊಂದರ ಒಳಮೈಯಲ್ಲೂ ಎಷ್ಟು ಪದರು ಇದೆ ಎಂದು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಕೊಸರು ಹಾಕಿದರೆ ಅದನ್ನೂ ಬರೆಯುತ್ತೇನೆ.

ಹಳೆಯ ಮುಸುಡಿ ಕಾಕಿಯ ಮನೆಯ ಮುಂದೆ ಇದೆ. ಕಾಕಾ ಹೇಳಿದ ಹಾಗೆ ಎರಡೂ ಬದಿ ಮುಚ್ಚಿ ತೊಟ್ಟಿ ಮಾಡಿ ಕೊಟ್ಟೆ. ಹೋದ ವಾರ ಹೋಗಿದ್ದೆ. ಎಮ್ಮೆ ನೀರು ಕುಡಿದು, ಅದರ ಅಂಚಿಗೆ ಕೊಂಬು ತಿಕ್ಕುತ್ತಿತ್ತು. ಎರಡು ವರ್ಷ ಬಿಸಿಲು, ಎರಡು ಮಳೆಗಾಲ. ಒಂದು ಸೀಳು ಬಿಟ್ಟಿಲ್ಲ. ಗೆಣ್ಣಿನಿಂದ ಬಡಿದು ನೋಡಿದೆ, ಧಬ್ ಎಂದಿತು. ನಾನು ಸತ್ತ ಮೇಲೂ ಅದು ಇರುತ್ತದೆ, ಅಷ್ಟು ಗಟ್ಟಿ ಮಾಡಿದ್ದೇನೆ.